ಘಟ್ಟದ ಮೇಲಣ ಪರದೇಶ: ಗೋವೆಯ ಕುಟುಂಬಗಳೂ ಬೆಳಗಾವಿ–ಖಾನಾಪುರದ ನೆಲೆಗಳೂ

ಒಂದು ಮನೆತನವು ಹುಟ್ಟಿದ ನೆಲವನ್ನು ಬಿಟ್ಟು ಪರರಾಜ್ಯದಲ್ಲಿ ನೆಲಸಲು ಹೊರಟಾಗ ಅದರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಏಕೆ ಹೊರಡಬೇಕು ಎಂಬುದು ಮೊದಲನೆಯದು. ಎಲ್ಲಿ ನಿಲ್ಲಬೇಕು ಎಂಬುದು ಎರಡನೆಯದು. ನಮ್ಮ ಇತಿಹಾಸ ಗ್ರಂಥಗಳು ಮೊದಲನೆಯ ಪ್ರಶ್ನೆಗೆ ವಿಪುಲವಾಗಿ ಉತ್ತರವಿತ್ತಿವೆ. ಯುದ್ಧ, ಕ್ಷಾಮ, ಮತಪೀಡನೆ, ತೆರಿಗೆಯ ಭಾರ ಮೊದಲಾದ ಕಾರಣಗಳನ್ನು ಅವು ಎಣಿಸಿ ಹೇಳುತ್ತವೆ. ಎರಡನೆಯ ಪ್ರಶ್ನೆಯನ್ನಾದರೋ ‘ಹತ್ತಿರವಿದ್ದಲ್ಲಿಗೆ ಬಂದರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಓಡಿಬಂದವರಿಗೆ ಆಯ್ಕೆಯಿರಲಿಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಪೂರ್ಣವಾಗಿ ಸರಿಯಲ್ಲವೆಂಬುದನ್ನು ಗೋವೆಯಿಂದ ಹೊರಬಂದ ಕುಟುಂಬಗಳ, ಅದರಲ್ಲಿಯೂ ಘಟ್ಟವನ್ನೇರಿ ಬೆಳಗಾವಿ ಖಾನಾಪುರಗಳಲ್ಲಿ ನೆಲಸಿದವರ, ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕುಟುಂಬಗಳು ಸ್ಥಳವನ್ನು ತೂಗಿ ನೋಡಿಯೇ ಆರಿಸಿಕೊಂಡವು. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಮಕ್ಕಳ ಮುಂದಿನ ಬಾಳೂ ಇನ್ನೊಂದರಲ್ಲಿ ಊರಿಗೆ ಹಿಂದಿರುಗುವ ದಾರಿಯೂ ಇದ್ದವು ಎಂಬುದು ನಮ್ಮ ಅಭಿಪ್ರಾಯ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಖಾನಾಪುರ ತಾಲೂಕು ಸಹ್ಯಾದ್ರಿಯ ನೆತ್ತಿಯ ಮೇಲಿದೆ. ಅದರ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನ ಭೀಮಗಡದ ಅಡವಿಯಲ್ಲಿ ಹುಟ್ಟುವ ಮಹದಾಯಿಯು ಪಡುವಣಕ್ಕಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿ ಕಡಲನ್ನು ಕೂಡುತ್ತದೆ. ನೀರಿನಂತೆ ರಾಜ್ಯವೂ ಬಹುಕಾಲ ಎರಡು ಕಡೆಗೂ ಹರಡಿದ್ದಿತು. 12ನೆಯ ಶತಮಾನದಲ್ಲಿ ಗೋವೆಯ ಕದಂಬರು ಕಡಲತಡಿಯ ಗೋಪಕಪಟ್ಟಣವನ್ನೂ ಘಟ್ಟದ ಮೇಲಣ ಹಲಸಿಯನ್ನೂ ಒಟ್ಟಿಗೆ ಆಳಿದರು. ಹಲಸಿಯ ಭೂವರಾಹ ನರಸಿಂಹ ದೇವಾಲಯವು ಆ ಕಾಲದ ಕುರುಹಾಗಿ ಇಂದಿಗೂ ನಿಂತಿದೆ. ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನು ಗೋವೆಯನ್ನೂ ಬೆಳಗಾವಿಯನ್ನೂ ಗೆದ್ದುದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಅಂದರೆ 1472ರ ಸುಮಾರಿನಲ್ಲಿ. ಮುಂದೆ ಎರಡೂ ಬಿಜಾಪುರದ ಆದಿಲಶಾಹಿಗೆ ಸೇರಿದವು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದ ಮೇಲೆಯೇ ಘಟ್ಟದ ಮೇಲಣ ನಾಡು ಕೆಳಗಿನವರಿಗೆ ಪರರಾಜ್ಯವಾಯಿತು. ಪರದೇಶವೆಂಬುದನ್ನು ದೂರವು ಮಾತ್ರವೇ ಉಂಟುಮಾಡುವುದಿಲ್ಲ, ಗಡಿಯೂ ಉಂಟುಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯುವುದು ಕಷ್ಟ.

ಪೋರ್ತುಗೀಜರ ಆಳ್ವಿಕೆಯು 1543ರಲ್ಲಿ ಬಾರ್ದೇಶ ಮತ್ತು ಸಾಷ್ಟಿ ಪ್ರಾಂತಗಳಿಗೆ ವಿಸ್ತರಿಸಿತು. 1560ರಲ್ಲಿ ಮತವಿಚಾರಣೆಯ ನ್ಯಾಯಮಂಡಲ, ಎಂದರೆ ‘ಇನ್‌ಕ್ವಿಜಿಷನ್’, ಅಲ್ಲಿ ಸ್ಥಾಪಿತವಾಯಿತು; 1774ರಿಂದ 1778ರವರೆಗಿನ ಅಲ್ಪಾವಧಿಯನ್ನು ಬಿಟ್ಟರೆ ಅದು 1812ರವರೆಗೂ ನಡೆಯಿತು. ಜನರು ಹೊರಬಿದ್ದುದಕ್ಕೆ ಇದನ್ನೇ ಮುಖ್ಯ ಕಾರಣವೆಂದು ಹೇಳುವುದುಂಟು. ಆದರೆ ಕುಟುಂಬದ ದೃಷ್ಟಿಯಿಂದ ನೋಡುವಾಗ ಅದಕ್ಕಿಂತ ಒಂದು ವರ್ಷ ಮೊದಲಿನ, 1559ರ, ರಾಜಶಾಸನವು ಹೆಚ್ಚು ಗಮನಾರ್ಹವಾಗಿದೆ. ತಂದೆಯಿಲ್ಲದ ಹಿಂದೂ ಮಕ್ಕಳನ್ನು ಅನಾಥರೆಂದು ಪರಿಗಣಿಸಿ, ಕ್ರೈಸ್ತ ಮತದಲ್ಲಿ ಬೆಳೆಸಲು ಅದು ಅವಕಾಶ ಮಾಡಿಕೊಟ್ಟಿತು. ಮನೆಯ ಯಜಮಾನನ ಮರಣವೊಂದರಿಂದಲೇ ತಾಯಿಯು ಮಕ್ಕಳನ್ನು ಕಳೆದುಕೊಳ್ಳಬಹುದಾದ ಪರಿಸ್ಥಿತಿ ಇದರಿಂದ ಒದಗಿತು. ಹೊರಟವರು ಒಂಟಿಯಾಳುಗಳಾಗಿ ಹೊರಡದೆ, ಹೆಂಡತಿ ಮಕ್ಕಳನ್ನೂ ಕುಲದೇವರನ್ನೂ ಕರೆದುಕೊಂಡು ಹೊರಟುದರ ಮರ್ಮ ಇಲ್ಲಿದೆ.

ಅವರು ಮೊದಲು ನಿಂತುದೆಲ್ಲಿ? ಕುಶಸ್ಥಳಿಯ ಮಂಗೇಶನು ಹೊಳೆಯ ಆಚೆಗಿನ ಪ್ರಿಯೋಳಕ್ಕೂ ಕೇಳೋಶಿಯ ಶಾಂತಾದುರ್ಗೆಯು ಕವಳೆಗೂ ಸ್ಥಳಾಂತರ ಹೊಂದಿದ ಸಂಗತಿ ಪ್ರಸಿದ್ಧವಾಗಿದೆ. ಇವೆರಡೂ ಅಂದು ಆದಿಲಶಾಹಿಯ ಅಧೀನದಲ್ಲಿದ್ದ ಫೋಂಡ ಪ್ರಾಂತದಲ್ಲಿದ್ದವು. ಆ ಪ್ರಾಂತವು ಪೋರ್ತುಗೀಜರ ಕೈಸೇರಿದುದು 1763ರಲ್ಲಿ. ಬಿಟ್ಟ ಊರು ಕಣ್ಣಳತೆಯಲ್ಲಿರುವಷ್ಟು ಹತ್ತಿರ, ಆದರೆ ಬಿಟ್ಟ ಅರಸನ ಕೈಗೆಟುಕದಷ್ಟು ದೂರ: ಈ ಎರಡು ಗುಣಗಳಿರುವ ಸ್ಥಳವನ್ನೇ ಅವರು ಹುಡುಕಿದರು. ಇನ್ನೂ ಮುಂದೆ ಸಾಗಿದವರು ಬಹುಮಟ್ಟಿಗೆ ಕರಾವಳಿಯನ್ನೇ ಹಿಡಿದು ಕಾರವಾರ, ಭಟಕಳ, ಮಂಗಳೂರು, ಕೊಚ್ಚಿಗಳ ಕಡೆಗೆ ಹೋದರು. ಅಲ್ಲಿ ಅದೇ ಕಡಲು, ಅದೇ ತೆಂಗು, ಅದೇ ಕುಚ್ಚಲಕ್ಕಿಯ ಗದ್ದೆ. ತಾವು ಬಲ್ಲ ಬೇಸಾಯವನ್ನೂ ವ್ಯಾಪಾರವನ್ನೂ ಹೊಸದಾಗಿ ಕಲಿಯುವ ಅವಶ್ಯಕತೆ ಬೀಳಲಿಲ್ಲ. ಘಟ್ಟದ ಮೇಲಣ ನಾಡು ಅಂದಿನ ಗೃಹಸ್ಥನಿಗೆ ಈ ಅನುಕೂಲಗಳನ್ನು ಒದಗಿಸುವಂತಿರಲಿಲ್ಲ. ಗೋವೆಯ ಕ್ರೈಸ್ತ ಕುಟುಂಬಗಳೂ 17 ಮತ್ತು 18ನೆಯ ಶತಮಾನಗಳಲ್ಲಿ ಇದೇ ದಾರಿಯಲ್ಲಿ ದಕ್ಷಿಣ ಕನ್ನಡಕ್ಕೆ ಹೋದುವೆಂಬುದನ್ನು ಮರೆಯಲಾಗದು. ಅವರ ಸಂತತಿಯವರನ್ನು ಟಿಪ್ಪು ಸುಲ್ತಾನನು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದನು. ಎಷ್ಟು ವಿವೇಕದಿಂದ ಆರಿಸಿದ ನೆಲೆಗೂ ಶಾಶ್ವತವಾದ ಭದ್ರತೆಯಿಲ್ಲ ಎಂಬ ಪಾಠವೂ ಈ ಇತಿಹಾಸದಲ್ಲಿ ಅಡಗಿದೆ.

19ನೆಯ ಶತಮಾನದಲ್ಲಿ ಈ ಲೆಕ್ಕಾಚಾರ ಬದಲಾಯಿತು. 1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ವಶವಾಯಿತು. ಕೋಟೆಯ ಮಗ್ಗುಲಲ್ಲಿ ದಂಡು ನೆಲೆಯೂರಿ ‘ಕ್ಯಾಂಪು’ ಬೆಳೆಯಿತು. 1836ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯ ಮುಖ್ಯಸ್ಥಳವಾಯಿತು. ದಂಡಿರುವಲ್ಲಿ ಸಂಬಳವಿರುತ್ತದೆ, ಕಚೇರಿಯಿರುವಲ್ಲಿ ಗುಮಾಸ್ತಿಕೆಯಿರುತ್ತದೆ. ಅತ್ತ ಗೋವೆಯಲ್ಲಿ ಜೀವನೋಪಾಯವು ಕುಗ್ಗುತ್ತ ಬಂದಿತು. ಖಾನಾಪುರಕ್ಕೆ ತಾಗಿಕೊಂಡಿರುವ ಸತ್ತರಿಯಲ್ಲಿ 1852ರಲ್ಲಿ ದೀಪಾಜಿ ರಾಣೆಯ ದಂಗೆ ಎದ್ದಿತು. 1895ರಲ್ಲಿ ಮತ್ತೊಮ್ಮೆ ಸೈನಿಕರೂ ರಾಣೆಯವರೂ ಕೂಡಿ ಬಂಡೆದ್ದರು. 1878ರ ಆಂಗ್ಲೋ–ಪೋರ್ತುಗೀಜ್ ಒಪ್ಪಂದವು ಗೋವೆಯ ಉಪ್ಪಿನ ಉತ್ಪಾದನೆಯನ್ನು ಬ್ರಿಟಿಷರ ಹತೋಟಿಗೆ ಒಪ್ಪಿಸಿದ್ದರಿಂದ ಉಪ್ಪಿನಾಗರಗಳನ್ನು ನಂಬಿದ್ದವರು ಸಂಕಟಕ್ಕೀಡಾದರು. ಅದೇ ಒಪ್ಪಂದದ ಫಲವಾಗಿ ಮುರಗಾಂವ ಬಂದರಿನಿಂದ ದೂಧಸಾಗರದ ಘಟ್ಟವನ್ನೇರಿ ಕ್ಯಾಸಲ್‌ರಾಕಿಗೆ ಬರುವ ರೈಲುದಾರಿ 1888ರ ವೇಳೆಗೆ ಸಿದ್ಧವಾಗಿ, ಲೋಂಡಾದ ಮೂಲಕ ಬೆಳಗಾವಿಗೂ ಧಾರವಾಡಕ್ಕೂ ಜೋಡಣೆಯಾಯಿತು. ಜೀವನೋಪಾಯವನ್ನು ಕಿತ್ತುಕೊಂಡ ಒಪ್ಪಂದವೇ ಹೊರಡುವುದಕ್ಕೆ ದಾರಿಯನ್ನೂ ಮಾಡಿಕೊಟ್ಟಿತು.

ಇಲ್ಲಿ ಒಂದು ತುಲನೆ ಅವಶ್ಯಕ. ಗೋವೆಯಿಂದ ಹೊರಟವರಲ್ಲಿ ಬಹುಸಂಖ್ಯೆಯ ಜನರು ಹೋದುದು ಮುಂಬಯಿಗೆ. ಅಲ್ಲಿಂದ ಹಡಗುಗಳಿಗೆ, ಕರಾಚಿಗೆ, ಪೂರ್ವ ಆಫ್ರಿಕೆಗೆ. ಸಂಬಳದ ದೃಷ್ಟಿಯಿಂದ ಬೆಳಗಾವಿಯು ಈ ಸ್ಥಳಗಳಿಗೆ ಸಾಟಿಯಾಗಿರಲಿಲ್ಲ. ಆದರೆ ಮುಂಬಯಿಯಲ್ಲಿ ಗೋವೆಯವರು ತಂಗುತ್ತಿದ್ದ ‘ಕೂಡ್’ಗಳ ರಚನೆಯನ್ನು ನೋಡಿರಿ. ಒಂದೊಂದು ಗ್ರಾಮದವರು ಬಾಡಿಗೆಗೆ ಹಿಡಿದ ಕೋಣೆಗಳವು. ಪ್ರತಿಯೊಬ್ಬನಿಗೆ ಒಂದು ಪೆಟ್ಟಿಗೆಯನ್ನಿಡುವಷ್ಟು ಸ್ಥಳ, ಎಲ್ಲರಿಗೂ ಸೇರಿ ಒಂದು ಪ್ರಾರ್ಥನಾಪೀಠ. ಮನೆಮಂದಿಯನ್ನು ಊರಿನಲ್ಲಿ ಬಿಟ್ಟುಬಂದ ಗಂಡಸರಿಗಾಗಿ, ಮುಖ್ಯವಾಗಿ ಹಡಗಿನ ಕೆಲಸಗಾರರಿಗಾಗಿ, ಹುಟ್ಟಿದ ವ್ಯವಸ್ಥೆಯದು. ಅಲ್ಲಿ ದುಡಿದ ಹಣ ಊರಿಗೆ ಹೋಗುತ್ತಿದ್ದಿತು, ಕುಟುಂಬವು ಬರುತ್ತಿರಲಿಲ್ಲ. ಹೆಂಡತಿ ಮಕ್ಕಳೊಡನೆ ಹೊರಡುವ ಗೃಹಸ್ಥನು ಬೇರೆ ರೀತಿಯಲ್ಲಿ ಎಣಿಸಬೇಕಾಗುತ್ತದೆ. ಅವನಿಗೆ ಬೇಕಾದುದು ಅತಿ ಹೆಚ್ಚಿನ ಸಂಬಳವಲ್ಲ. ಮಿತವಾದ ಬಾಡಿಗೆ, ಹಿತವಾದ ಹವೆ, ಪಾಠಶಾಲೆ, ಮದುವೆ ಮರಣಗಳಿಗೆ ಒಂದೆರಡು ದಿನದೊಳಗೆ ಊರು ಮುಟ್ಟುವ ಅನುಕೂಲ. ಒಬ್ಬನೇ ಹೋಗುವವನ ಊರೂ ಕುಟುಂಬದೊಡನೆ ಹೋಗುವವನ ಊರೂ ಒಂದೇ ಆಗಬೇಕಿಲ್ಲವೆಂಬುದು ಈ ತುಲನೆಯಿಂದ ಹೊರಡುವ ತತ್ತ್ವ.

ಪಾಠಶಾಲೆಯ ವಿಷಯವನ್ನು ಸ್ವಲ್ಪ ವಿಸ್ತರಿಸುವುದು ಯುಕ್ತ. ಗೋವೆಯ ಸರಕಾರಿ ವಿದ್ಯಾಭ್ಯಾಸವು ಪೋರ್ತುಗೀಜ್ ಭಾಷೆಯಲ್ಲಿತ್ತು. 1684ರಷ್ಟು ಹಿಂದೆಯೇ ಅಲ್ಲಿನ ವೈಸ್‌ರಾಯನು ಕೊಂಕಣಿಯನ್ನು ತೊಡೆದುಹಾಕಿ ಪೋರ್ತುಗೀಜನ್ನು ರೂಢಿಸುವ ಆಜ್ಞೆಯನ್ನು ಹೊರಡಿಸಿದ್ದನು. 1842ರಲ್ಲಿ ವೈದ್ಯಕೀಯ ಶಾಲೆಯೂ 1854ರಲ್ಲಿ ಪಣಜಿಯ ಲೈಸಿಯಮ್ಮೂ ಸ್ಥಾಪಿತವಾದವು. ಕಾಲಕ್ರಮದಲ್ಲಿ ಕೆಲವು ಖಾಸಗಿ ಇಂಗ್ಲಿಷ್ ಶಾಲೆಗಳೂ ಹುಟ್ಟಿದವು; ಆದರೆ ಕಲೆ ಮತ್ತು ವಿಜ್ಞಾನಗಳ ಪದವಿಯನ್ನು ಕೊಡುವ ಕಾಲೇಜುಗಳು ಅಲ್ಲಿ ತೆರೆದುದು 1962ರಲ್ಲಿ ಮಾತ್ರ. ಪೋರ್ತುಗೀಜ್ ಕಲಿತವನಿಗೆ ಗೋವೆಯೊಳಗಿನ ಕೆಲವೇ ಹುದ್ದೆಗಳು; ಇಂಗ್ಲಿಷ್ ಕಲಿತವನಿಗೆ ಇಡೀ ಬ್ರಿಟಿಷ್ ಇಂಡಿಯಾ. ಇಂತಿರಲು ಘಟ್ಟದ ಮೇಲೆ 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಪ್ರೌಢಶಾಲೆಯೂ, 1917ರಲ್ಲಿ ಧಾರವಾಡದಲ್ಲಿ ತೆರೆದ ಕರ್ನಾಟಕ ಕಾಲೇಜೂ, 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿಸಿದ ಲಿಂಗರಾಜ ಕಾಲೇಜೂ ಗೋವೆಯ ತಂದೆತಾಯಿಗಳನ್ನು ಆಕರ್ಷಿಸಿದುದು ಸಹಜ. 16ನೆಯ ಶತಮಾನದಲ್ಲಿ ಮಕ್ಕಳನ್ನು ಉಳಿಸಿಕೊಳ್ಳಲು ಹೊರಟಿದ್ದರು. ಈಗ ಮಕ್ಕಳನ್ನು ಓದಿಸಲು ಹೊರಟರು. ಕಾರಣವು ಬದಲಾದರೂ ಅದರ ಕೇಂದ್ರ ಬದಲಾಗಲಿಲ್ಲ.

ಬೆಳಗಾವಿಯವರೆಗೂ ಬರಲೊಲ್ಲದವರಿಗೆ ನಡುವೆಯೇ ನಿಲ್ದಾಣಗಳಿದ್ದವು. ಖಾನಾಪುರ ತಾಲೂಕಿನ ನಂದಗಡವು ಹಳೆಯ ಪೇಟೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳವೆಂದು ನಾವು ಅದನ್ನು ಸ್ಮರಿಸುತ್ತೇವೆ. ಆದರೆ ಗೋವೆಯ ಉಪ್ಪು, ತೆಂಗು, ಅಡಿಕೆಗಳು ಘಟ್ಟವನ್ನೇರಿ ಬಯಲುಸೀಮೆಯ ಧಾನ್ಯಕ್ಕೆ ಬದಲಾಗುತ್ತಿದ್ದ ಸ್ಥಳವೂ ಅದೇ. ವ್ಯಾಪಾರಿಗೆ ಅದು ಅನುಕೂಲವಾದ ನೆಲೆ. ಲೋಂಡಾವು ರೈಲುದಾರಿಗಳು ಕೂಡುವ ಸ್ಥಳವಾದುದರಿಂದ ರೈಲ್ವೆಯ ನೌಕರರಿಗೆ ತಕ್ಕುದಾಯಿತು. ಜಾಂಬೋಟಿ, ಕಣಕುಂಬಿಗಳು ಚೋರ್ಲಾ ಘಟ್ಟದ ದಾರಿಯಲ್ಲಿದ್ದು ಸತ್ತರಿಯ ಬಂಧುಗಳಿಗೆ ಕಾಲ್ನಡಿಗೆಯ ದೂರದಲ್ಲಿದ್ದವು. ಹೀಗೆ ಒಂದೇ ಜಿಲ್ಲೆಯೊಳಗೆ ವೃತ್ತಿಗೆ ತಕ್ಕ ನೆಲೆ, ಬಾಂಧವ್ಯಕ್ಕೆ ತಕ್ಕ ದೂರ ದೊರೆಯುತ್ತಿತ್ತು.

ಇಂಥ ವಲಸೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಅಡ್ಡಹೆಸರುಗಳು ಮೊದಲ ಸುಳಿವನ್ನೀಯುತ್ತವೆ. ಮಡಗಾಂವಕರ, ಪೇಡಣೇಕರ, ಕಾಣಕೋಣಕರ ಮುಂತಾದ ಹೆಸರುಗಳು ಬಿಟ್ಟುಬಂದ ಊರನ್ನು ತಲೆಮಾರುಗಳವರೆಗೆ ಹೊತ್ತು ನಡೆಯುತ್ತವೆ. ಆದರೆ ಹೆಸರೊಂದನ್ನೇ ಪ್ರಮಾಣವೆಂದು ಹಿಡಿಯುವುದು ಅಪಾಯಕರ. ಗೋವೆಯಿಂದ ಮೊದಲು ಬೇರೆಡೆಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದವರೂ ಅದೇ ಹೆಸರನ್ನು ಉಳಿಸಿಕೊಂಡಿರಬಹುದು. ಆದ್ದರಿಂದ ಕ್ರೈಸ್ತ ಮನೆತನಗಳಿಗೆ ಇಗರ್ಜಿಯ ಜ್ಞಾನಸ್ನಾನ ಹಾಗೂ ವಿವಾಹದ ದಾಖಲೆಗಳನ್ನೂ, ಹಿಂದೂ ಮನೆತನಗಳಿಗೆ ಗೋವೆಯ ದೇವಾಲಯಗಳ ಮಹಾಜನರ ಪಟ್ಟಿಗಳನ್ನೂ ಹೋಲಿಸಿ ನೋಡತಕ್ಕದ್ದು. ಗೋವೆಯ ಗಾಂವಕರಿಯ ಹಕ್ಕು ಹುಟ್ಟಿನಿಂದ ಬರುವಂಥದು. ಹೊರಗೆ ನೆಲಸಿದ ಮನೆತನವೂ ತನ್ನ ಗ್ರಾಮದ ಹೆಸರನ್ನು ಬಿಡದಿರಲು ಇದೂ ಒಂದು ಕಾರಣವಾಗಿರಬೇಕು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ ಕನ್ನಡಗಳು, ಶಾಲೆಯಲ್ಲಿ ಇಂಗ್ಲಿಷ್: ಈ ಕುಟುಂಬಗಳ ಭಾಷಾಜೀವನ ಬಹುಮಟ್ಟಿಗೆ ಇದೇ ಆಗಿದ್ದಿತು. ಒಬ್ಬೊಬ್ಬರಿಗೆ ಒಂದೊಂದೇ ಮಾತೃಭಾಷೆಯನ್ನು ಎಣಿಸುವ ಜನಗಣತಿಯ ಮಾತೃಭಾಷಾ ಕೋಷ್ಟಕಗಳು ಇದನ್ನು ತೋರಿಸಲಾರವು.

ಹಿಂದಿರುಗುವ ದಾರಿಯನ್ನು ನಂಬಿ ಆರಿಸಿದ ನೆಲೆಗೆ ನಿಜವಾದ ಪರೀಕ್ಷೆ ಒದಗಿದುದು ಸ್ವಾತಂತ್ರ್ಯಾನಂತರದಲ್ಲಿ. 1946ರ ಆಗಸ್ಟಿನಲ್ಲಿ ಲೋಂಡಾದಲ್ಲಿ ಸೇರಿದ ಸಭೆಯಲ್ಲಿ ಗೋವೆಯ ನ್ಯಾಷನಲ್ ಕಾಂಗ್ರೆಸ್ಸು ರೂಪುಗೊಂಡಿತು. ಗಡಿಯಾಚೆಯ ನೆಲೆಯೇ ವಿಮೋಚನೆಯ ಚಳವಳಿಗೆ ಆಶ್ರಯವಾಯಿತು. 1953ರಲ್ಲಿ ಬೆಳಗಾವಿಗೆ ಪ್ರತ್ಯೇಕ ಕ್ರೈಸ್ತ ಧರ್ಮಪ್ರಾಂತ ಏರ್ಪಟ್ಟು, ಗೋವೆಯ ಆರ್ಚ್‌ಬಿಷಪ್ಪರ ಅಧೀನದಲ್ಲಿದ್ದ ಇಲ್ಲಿನ ಇಗರ್ಜಿಗಳು ಅದಕ್ಕೆ ಸೇರಿದವು. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದ ತರುವಾಯ ಗಡಿ ಮುಚ್ಚಿತು, ಕ್ಯಾಸಲ್‌ರಾಕಿನಿಂದ ಮುಂದಕ್ಕೆ ರೈಲು ನಿಂತಿತು. ಹಬ್ಬಕ್ಕೆ, ಜಾತ್ರೆಗೆ, ಬಾಣಂತನಕ್ಕೆ, ಉತ್ತರಕ್ರಿಯೆಗೆ ಹೋಗಿಬರುತ್ತಿದ್ದ ದಾರಿಯು ಆರು ವರ್ಷಗಳ ಕಾಲ ಕಡಿದುಬಿದ್ದಿತು. ನೂರಿಪ್ಪತ್ತು ಕಿಲೋಮೀಟರುಗಳ ಆಸುಪಾಸಿನ ಪಣಜಿಯು ನೈರೋಬಿಗಿಂತ ದೂರವಾಯಿತು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆಯ 17ನೆಯ ಡಿವಿಜನ್ನು ಬೆಳಗಾವಿಯಲ್ಲಿ ನೆರೆದು, ಘಟ್ಟವನ್ನಿಳಿದು ಮೊಲ್ಲೆಮ್ಮಿನ ಮಾರ್ಗವಾಗಿ ಗೋವೆಯನ್ನು ಹೊಕ್ಕಿತು. 19ರಂದು ಪೋರ್ತುಗೀಜರು ಶರಣಾದರು. 451 ವರ್ಷಗಳ ಬಳಿಕ ಘಟ್ಟದ ಮೇಲಣ ನಾಡು ಕೆಳಗಿನವರಿಗೆ ಪರರಾಜ್ಯವಾಗಿರುವುದು ನಿಂತಿತು.

ದಾರಿ ತೆರೆದ ಮೇಲೆ ಎಲ್ಲರೂ ಹಿಂದಿರುಗಲಿಲ್ಲವೆಂಬುದು ಈ ಇತಿಹಾಸದ ಅತ್ಯಂತ ಅರ್ಥಗರ್ಭಿತವಾದ ಅಂಶ. ಕ್ಯಾಂಪಿನಲ್ಲಿಯೂ ನಂದಗಡ, ಖಾನಾಪುರಗಳಲ್ಲಿಯೂ ಗೋವೆಯ ಮೂಲದ ಮನೆತನಗಳು ಇಂದಿಗೂ ಬಾಳುತ್ತಿವೆ. ಹಿಂದಿರುಗುವುದಕ್ಕಾಗಿಯೇ ಹತ್ತಿರದಲ್ಲಿ ನಿಂತವರು, ಹಿಂದಿರುಗಬಹುದಾದ ಕಾಲ ಬಂದಾಗ ಇಲ್ಲಿಯವರೇ ಆಗಿದ್ದರು. ಮಕ್ಕಳು ಇಲ್ಲಿ ಓದಿದ್ದರು, ಹಿರಿಯರ ಸಮಾಧಿಗಳು ಇಲ್ಲಿದ್ದವು. ಇದರಿಂದ ಅವರ ಮೊದಲಿನ ಲೆಕ್ಕ ತಪ್ಪಿತೆಂದು ಭಾವಿಸಬೇಕಾಗಿಲ್ಲ. ದಾರಿಯೊಂದು ಇದೆಯೆಂಬ ನಂಬಿಕೆಯಿದ್ದುದರಿಂದಲೇ ಅವರು ಹೊಸ ನೆಲದಲ್ಲಿ ನಿಶ್ಚಿಂತೆಯಿಂದ ಬೇರೂರಲು ಸಾಧ್ಯವಾಯಿತೆಂದು ನಾವು ಹೇಳಬಯಸುತ್ತೇವೆ. ವಲಸೆಯ ಇತಿಹಾಸವನ್ನು ತರಗತಿಯಲ್ಲಿ ಬೋಧಿಸುವಾಗ ಅರಸರ ಶಾಸನಗಳೊಡನೆ ಮನೆಯೊಡತಿಯ ಈ ಲೆಕ್ಕವನ್ನೂ, ‘ಏಕೆ ಬಿಟ್ಟರು’ ಎಂಬುದರೊಡನೆ ‘ಇಲ್ಲಿಯೇ ಏಕೆ ನಿಂತರು’ ಎಂಬುದನ್ನೂ ಕೇಳಿದರೆ, ಬೆಳಗಾವಿ ಖಾನಾಪುರಗಳ ಎಷ್ಟೋ ಮನೆಗಳು ಉತ್ತರ ಕೊಡಬಲ್ಲವು.