ಸೆರೆಯಲ್ಲಿದ್ದ ರಾಣಿ ಹುವಾನಾ

ಐರೋಪ್ಯ ಇತಿಹಾಸದಲ್ಲಿ ಸ್ಪೇನಿನ ಇಸಬೆಲ್ಲಾ ರಾಣಿಯ ಹೆಸರು ಸುಪ್ರಸಿದ್ಧವಾದುದು. ಆಕೆಯ ಮಗಳು ಹುವಾನಾಳಿಗೆ ದೊರೆತುದು ಮಾತ್ರ ‘ಹುಚ್ಚಿ’ ಎಂಬ ಬಿರುದು. ಅದನ್ನು ಕೊಟ್ಟವರಾರು, ಅದರಿಂದ ಲಾಭ ಪಡೆದವರಾರು ಎಂಬುದು ವಿಚಾರಾರ್ಹವಾಗಿದೆ.

ಹುವಾನಾ ಹುಟ್ಟಿದ್ದು 1479ರಲ್ಲಿ. 1496ರಲ್ಲಿ ಬರ್ಗಂಡಿಯ ಫಿಲಿಪನೊಡನೆ ವಿವಾಹವಾಯಿತು. ಅಣ್ಣ, ಅಕ್ಕ, ಅಕ್ಕನ ಮಗು ಒಬ್ಬರ ಹಿಂದೊಬ್ಬರು ತೀರಿಕೊಂಡುದರಿಂದ, 1504ರಲ್ಲಿ ತಾಯಿ ಗತಿಸಿದೊಡನೆ ಹುವಾನಾ ಕ್ಯಾಸ್ಟೀಲಿನ ರಾಣಿಯಾದಳು. ಆದರೆ ಆ ರಾಜ್ಯದ ಮೇಲೆ ಅರಗಾನಿನ ಅರಸನಾದ ತಂದೆ ಫರ್ಡಿನೆಂಡನಿಗೂ ಗಂಡನಿಗೂ ಕಣ್ಣಿತ್ತು. ಪರಸ್ಪರ ಪ್ರತಿಸ್ಪರ್ಧಿಗಳಾಗಿದ್ದ ಇವರೇ 1506ರ ಜೂನ್ ತಿಂಗಳಲ್ಲಿ ಒಪ್ಪಂದ ಮಾಡಿಕೊಂಡು, ಆಕೆ ಆಳಲು ಯೋಗ್ಯಳಲ್ಲವೆಂದು ತೀರ್ಮಾನಿಸಿದರು!

ಸೆಪ್ಟೆಂಬರಿನಲ್ಲಿ ಫಿಲಿಪ್ ಅಕಾಲ ಮರಣಕ್ಕೆ ತುತ್ತಾದನು. ಗರ್ಭಿಣಿಯಾಗಿದ್ದ ಹುವಾನಾ ಅವನನ್ನು ಗ್ರನಾಡಾದಲ್ಲಿ ಸಮಾಧಿ ಮಾಡಿಸಲೆಂದು ಶವಪೆಟ್ಟಿಗೆಯೊಡನೆ ಹೊರಟಳು. ಹುಚ್ಚಿನ ಕಥೆಗಳಿಗೆ ಇದೇ ಆಧಾರವಾಯಿತು. 1509ರಲ್ಲಿ ತಂದೆ ಆಕೆಯನ್ನು ಟೋರ್ಡೆಸಿಲ್ಯಾಸ್ ಅರಮನೆಯಲ್ಲಿ ಬಂಧನದಲ್ಲಿಟ್ಟನು. 1516ರಲ್ಲಿ ಅವನು ಸತ್ತು ಮಗ ಚಾರ್ಲ್ಸ್ ಅರಸನಾದರೂ ಬಾಗಿಲು ತೆರೆಯಲಿಲ್ಲ. ತಂದೆ ಸತ್ತ ಸುದ್ದಿಯನ್ನೂ ಆಕೆಗೆ ತಿಳಿಸದೆ, ಕಾವಲಿನ ಅಧಿಕಾರಿಯು ಅವನು ಬದುಕಿರುವಂತೆಯೇ ಮಾತನಾಡುತ್ತಿದ್ದನು. ಸುಳ್ಳಿನ ಲೋಕ ಕಟ್ಟಿದವರು ವಿವೇಕಿಗಳು, ಅದರೊಳಗೆ ಸಿಕ್ಕಿಬಿದ್ದವಳು ಹುಚ್ಚಿ!

1520ರಲ್ಲಿ ಚಾರ್ಲ್ಸನ ವಿರುದ್ಧ ದಂಗೆಯೆದ್ದ ನಗರಗಳ ಮುಖಂಡರು ಆಕೆಯ ಬಳಿಗೆ ಬಂದು ಸಹಿ ಬೇಡಿದರು. ರಾಣಿಯ ಸಹಿ ಬಿದ್ದಿದ್ದರೆ ದಂಗೆಯೇ ನ್ಯಾಯಸಮ್ಮತವಾಗಿ, ಮಗನ ಸಿಂಹಾಸನ ಅಲುಗುತ್ತಿತ್ತು. ಆಕೆ ಸಹಿ ಹಾಕಲಿಲ್ಲ. ಡಿಸೆಂಬರಿನಲ್ಲಿ ಅರಸನ ಸೈನ್ಯ ಊರನ್ನು ಮರಳಿ ವಶಪಡಿಸಿಕೊಂಡಿತು. ರಾಣಿಗೆ ಮತ್ತೆ ಅದೇ ಸೆರೆ. ಜೊತೆಯಲ್ಲಿಯೇ ಬೆಳೆದ ಕಿರಿಯ ಮಗಳು ಕ್ಯಾತರೀನಳೂ 1525ರಲ್ಲಿ ಮದುವೆಯಾಗಿ ಪೋರ್ತುಗಲ್ಲಿಗೆ ಹೊರಟುಹೋದಳು. ಸಾಗರದಾಚೆ ಮೆಕ್ಸಿಕೋ ಟಂಕಸಾಲೆಯ ನಾಣ್ಯಗಳ ಮೇಲೆ ಮಗನ ಹೆಸರಿನೊಡನೆ ಹುವಾನಾಳ ಹೆಸರೂ ಇದ್ದಿತು; ಆಕೆಗೆ ಮಾತ್ರ ಹೊಸ್ತಿಲು ದಾಟುವ ಸ್ವಾತಂತ್ರ್ಯವಿರಲಿಲ್ಲ. 1555ರ ಏಪ್ರಿಲ್ 12ರಂದು ಅಲ್ಲಿಯೇ ಕಣ್ಮುಚ್ಚಿದಳು.

ಸಿಮಾಂಕಾಸಿನ ಹಳೆಯ ದಫ್ತರಗಳನ್ನು ಶೋಧಿಸಿದ ಬೆರ್ಗೆನ್‌ರೋಟ್ ಎಂಬ ವಿದ್ವಾಂಸನು 1868ರಲ್ಲಿ, ಆಕೆ ಹುಚ್ಚಿಯಲ್ಲ, ರಾಜಕೀಯಕ್ಕೆ ಬಲಿಯಾದವಳು ಎಂದು ವಾದಿಸಿದನು. ಮುಂದಿನ ಸಂಶೋಧಕರು ಅದನ್ನು ಪೂರ್ಣವಾಗಿ ಒಪ್ಪಲಿಲ್ಲ. ಆಕೆಗೆ ತೀವ್ರವಾದ ಮನೋವ್ಯಥೆ ಇದ್ದುದು ನಿಜವೇ ಇರಬಹುದು. ಆದರೆ ವ್ಯಥೆಯೊಂದೇ ಯಾರನ್ನೂ ಸೆರೆಗೆ ತಳ್ಳುವುದಿಲ್ಲ. ತಳ್ಳಿದ್ದು ಅಧಿಕಾರದ ಆಸೆ.

ಹುವಾನಾಳ ಆರು ಮಕ್ಕಳಲ್ಲಿ ಇಬ್ಬರು ಚಕ್ರವರ್ತಿಗಳು, ನಾಲ್ವರು ರಾಣಿಯರು. ಆ ವಂಶವೃಕ್ಷವನ್ನು ಕರಿಹಲಗೆಯ ಮೇಲೆ ಬರೆಯುವ ಉಪಾಧ್ಯಾಯರು ಆಕೆಯ ಹೆಸರಿನ ಮುಂದೆ ‘ಹುಚ್ಚಿ’ ಎಂದು ಬರೆಯುವ ಬದಲು ‘46 ವರ್ಷ ಸೆರೆ’ ಎಂದು ಬರೆದರೆ ಇತಿಹಾಸಕ್ಕೆ ನ್ಯಾಯ ಸಲ್ಲಿಸಿದಂತಾಗುವುದು.