ಲಾಯ್

ಐರಿಶ್ ನಾಟಕಕಾರ ಸಿಂಜ್‌ನ ‘ದ ಪ್ಲೇಬಾಯ್ ಆಫ್ ದ ವೆಸ್ಟರ್ನ್ ವರ್ಲ್ಡ್’ 1907ರಲ್ಲಿ ಡಬ್ಲಿನ್ನಿನಲ್ಲಿ ರಂಗಕ್ಕೆ ಬಂತು. ಅದರಲ್ಲಿ ಕ್ರಿಸ್ಟಿ ಎಂಬ ಹುಡುಗ ಅಪ್ಪನ ತಲೆಗೆ ಹೊಡೆದು, ಸತ್ತೇಹೋದನೆಂದು ನಂಬಿ ಊರು ಬಿಟ್ಟು ಬರುತ್ತಾನೆ. ಹೊಡೆದದ್ದು ‘ಲಾಯ್’ನಿಂದ.

ಕನ್ನಡದಲ್ಲಿ ಇದನ್ನು ಗುದ್ದಲಿ ಎಂದುಬಿಡಲು ಮನಸ್ಸಾಗುತ್ತದೆ. ಆದರೆ ಗುದ್ದಲಿಯನ್ನು ಎತ್ತಿ ಹಾಕಿ ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಲಾಯ್ ಕಾಲಲ್ಲಿ ತುಳಿದು ಇಳಿಸುವ ಸಲಕರಣೆ. ಉದ್ದನೆಯ ಮರದ ಕಾವು, ತುದಿಗೆ ಕಿರಿದಾದ ಕಬ್ಬಿಣದ ಅಲಗು, ಪಾದ ಊರಲು ಒಂದೇ ಬದಿಯಲ್ಲಿ ಮೆಟ್ಟು. ಕಾವಿನ ಬುಡ ಹಿಮ್ಮಡಿಯಂತೆ ದಪ್ಪ. ಅಲಗು ಇಳಿದ ಮೇಲೆ ಆ ಹಿಮ್ಮಡಿಯನ್ನೇ ಆನಿಸಿ ಕಾವನ್ನು ಹಿಂದಕ್ಕೆ ಒತ್ತಿದರೆ ಹುಲ್ಲಿನ ಸಮೇತ ಹೆಂಟೆ ಮಗುಚಿಕೊಳ್ಳುತ್ತದೆ. ಐರಿಶ್ ಭಾಷೆಯ ‘ಲಾಈ’ ಇಂಗ್ಲಿಷಿಗೆ ಬಂದು ಲಾಯ್ ಆಯಿತು. ಐರ್ಲೆಂಡಿನ ಪಶ್ಚಿಮದಲ್ಲಿ, ಕಲ್ಲು ತುಂಬಿದ ಒದ್ದೆ ನೆಲದ ತುಂಡು ಹೊಲಗಳಲ್ಲಿ, ಕುದುರೆ ನೇಗಿಲು ತಿರುಗದ ಕಡೆ ಬಡವನ ನೇಗಿಲೇ ಇದಾಗಿತ್ತು.

ಉತ್ತರದ ಅಲ್ಸ್ಟರ್‌ನಲ್ಲಿ ಎರಡೂ ಬದಿಗೆ ಮೆಟ್ಟಿರುವ ಸಲಿಕೆ ಹೆಚ್ಚಾಗಿತ್ತು. ಯಾವ ಕಾಲಲ್ಲಿ ತುಳಿಯುತ್ತಾನೆ ಎಂಬುದೇ ಆಳಿನ ಗುರುತಾಗಿ, ‘ಅವನು ಇನ್ನೊಂದು ಕಾಲಲ್ಲಿ ಅಗೆಯುವವನು’ ಎಂದರೆ ನಮ್ಮ ಪಂಥದವನಲ್ಲ ಎಂದು ಅರ್ಥ. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಇಬ್ಬರೂ ಪರಸ್ಪರ ಆಡಿಕೊಂಡ ಮಾತು. ಹೊಲದ ಅಭ್ಯಾಸವೊಂದು ಹೀಗೆ ಮನುಷ್ಯರ ನಡುವೆ ಗೆರೆ ಎಳೆಯಿತು ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ಅದಕ್ಕಿಂತ ಅನ್ಯಾಯದ ಹೆಸರು ಇನ್ನೊಂದಿದೆ. ಲಾಯ್ ಹಿಡಿದವನು ಹುಲ್ಲುನೆಲದ ಮೇಲೆ ಗೊಬ್ಬರ ಹರಡಿ, ಕಡಲತೀರದಲ್ಲಾದರೆ ಕಡಲಪಾಚಿಯನ್ನು ಹೊತ್ತು ತಂದು ಹಾಸಿ, ಅದರ ಮೇಲೆ ಆಲೂಗಡ್ಡೆಯ ಬಿತ್ತನೆ ಹೋಳುಗಳನ್ನಿಟ್ಟು, ಎರಡೂ ಬದಿಯ ಹೆಂಟೆಗಳನ್ನು ಕಿತ್ತು ಮಗುಚಿ ಮುಚ್ಚುತ್ತಿದ್ದ. ನಡುವೆ ಉಳಿದ ಕಾಲುವೆಯಲ್ಲಿ ನೀರು ಬಸಿದು ಹೋಗುತ್ತಿತ್ತು, ತೆಳು ಮಣ್ಣು ದಪ್ಪವಾಗುತ್ತಿತ್ತು. ಐರಿಶರು ಇದನ್ನು ‘ಇಮರೆ’, ಎಂದರೆ ಏರುಮಡಿ, ಎಂದರು. ಇಂಗ್ಲಿಷಿನಲ್ಲಿ ಇದು ‘ಲೇಜಿ ಬೆಡ್’! ಮಡಿಯ ಅಡಿಯ ನೆಲವನ್ನು ಅಗೆಯದೆ ಬಿಡುತ್ತಾರೆ, ಅದಕ್ಕೇ ಆ ಹೆಸರು ಎಂದು ವಿವರಿಸುವುದುಂಟು. ಬೆನ್ನು ಬಗ್ಗಿಸಿ ಬೆಟ್ಟದ ಓರೆಯನ್ನೆಲ್ಲ ಮಗುಚಿದವನ ಕೆಲಸಕ್ಕೆ ಸೋಮಾರಿತನದ ಹೆಸರು.

ಬಡವರು ನಂಬಿದ್ದು ಈ ಮಡಿಗಳ ಆಲೂಗಡ್ಡೆಯನ್ನೇ; 1845ರಲ್ಲಿ ಅಂಗಮಾರಿ ರೋಗ ಬಿದ್ದು ಅದು ಕೊಳೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿಯೋ ಇನ್ನೂ ಹೆಚ್ಚೋ ಹಡಗು ಹತ್ತಿ ನಾಡು ಬಿಟ್ಟರು. ಪಶ್ಚಿಮದ ಮೇಯೊ, ಕಾನೆಮಾರ ಕಡೆ ಸಂಜೆಯ ಓರೆಬಿಸಿಲಿನಲ್ಲಿ ಬೆಟ್ಟದ ಮೈಮೇಲೆ ಹಳೆಯ ಮಡಿಗಳ ಸಾಲು ಈಗಲೂ ಎದ್ದು ಕಾಣುತ್ತದೆ, ಮೇಲೆಲ್ಲ ಹುಲ್ಲು.

ಈ ನಾಡಿನ ಕಥೆಗಳನ್ನು ಕನ್ನಡಕ್ಕೆ ತರುವವರಲ್ಲಿ ಒಂದು ಕೋರಿಕೆ: ಲಾಯ್ ಅನ್ನು ಲಾಯ್ ಎಂದೇ ಉಳಿಸಿ, ‘ಲೇಜಿ ಬೆಡ್’ ಬಂದ ಕಡೆ ಏರುಮಡಿ ಎಂದು ಬರೆಯಿರಿ.