ಪ್ರೈಮ್ ರಿಬ್‌ನಲ್ಲಿ ‘ಪ್ರೈಮ್’ ಎಲ್ಲಿದೆ? ಕ್ರಿಸ್‌ಮಸ್ ರೋಸ್ಟ್ ಮೇಲಿನ ಸೀಲಿನ ಕಥೆ

ಡಿಸೆಂಬರ್ ಬಂತು ಅಂದ್ರೆ ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಮಾಂಸದ ಕೌಂಟರ್ ಮುಂದೆ ಜನ ಸ್ವಲ್ಪ ಹೆಚ್ಚು ಹೊತ್ತು ನಿಲ್ತಾರೆ. ಕ್ರಿಸ್‌ಮಸ್ ಊಟಕ್ಕೆ ಬೀಫ್ ರೋಸ್ಟ್ ಬೇಕು. ಅದರಲ್ಲೂ ಹೆಚ್ಚು ಹೆಸರು ಮಾಡಿರೋದು ‘ಪ್ರೈಮ್ ರಿಬ್’, ಅಂದ್ರೆ ಪಕ್ಕೆಲುಬಿನ ಭಾಗದ ದೊಡ್ಡ ತುಂಡು. ಬೆಲೆ ಜಾಸ್ತಿ. ವರ್ಷಕ್ಕೊಮ್ಮೆ ತರೋದು. ಗಟ್ಟಿಯಾಗಿಬಿಟ್ರೆ ಮನೆಮಂದಿ, ನೆಂಟರು ಎಲ್ಲರ ಎದುರೇ ಗೊತ್ತಾಗುತ್ತೆ. ಆದರೆ ಪ್ಯಾಕೆಟ್ ನೋಡಿದ್ರೆ ಎಲ್ಲಾ ಒಂದೇ ಥರ ಕೆಂಪಗೆ. ಹಾಗಾದ್ರೆ ಯಾರನ್ನ ನಂಬಿ ದುಡ್ಡು ಕೊಡೋದು?

ಬೀಫ್ ಅಂದ ಕೂಡಲೇ ನಮ್ಮಲ್ಲಿ ಮಾತು ಕಾನೂನಿನ ಕಡೆ, ಧರ್ಮದ ಕಡೆ ಹೊರಳುತ್ತೆ. ಆ ಚರ್ಚೆ ಇವತ್ತಿನದಲ್ಲ. ಕಾಮರ್ಸ್ ಓದಿದ ನನಗೆ ಇದರಲ್ಲಿ ಕಂಡಿದ್ದು ಬೇರೆ ವಿಷಯ: ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ನಮ್ಮ ಮನೆಯ ತುಪ್ಪದ ಡಬ್ಬಿ ಮೇಲೆ ಅಗ್‌ಮಾರ್ಕ್ ನೋಡಿರ್ತೀರಲ್ಲ, ಅದರ ಹಿಂದೆ 1937ರ ಕಾಯ್ದೆ ಇದೆ. ಆ ಸೀಲು ಹುಟ್ಟಿದ್ದೂ ಇದೇ ಸಮಸ್ಯೆಯಿಂದ. ಅಮೆರಿಕದಲ್ಲಿ ಈ ಸಮಸ್ಯೆ ದೊಡ್ಡದಾಗಿದ್ದು ಹೇಗೆ ಅಂತ ನೋಡೋಣ.

ಮೊದಲು ಹೇಗಿತ್ತು? ಊರಿಗೊಬ್ಬ ಮಾಂಸದ ಅಂಗಡಿಯವನು. ಅವನೇ ದನ ತರ್ತಿದ್ದ, ಅವನೇ ಕಡೀತಿದ್ದ. ಮಾಂಸ ಸರಿಯಿಲ್ಲ ಅಂದ್ರೆ ಮಾರನೇ ದಿನ ಹೋಗಿ ಅವನನ್ನೇ ಕೇಳಬಹುದಿತ್ತು. ಅವನ ಮುಖವೇ ಗ್ಯಾರಂಟಿ.

1865ರ ಡಿಸೆಂಬರ್ 25ರಂದು, ಸರಿಯಾಗಿ ಕ್ರಿಸ್‌ಮಸ್ ದಿನವೇ, ಷಿಕಾಗೋದಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಅನ್ನೋ ದೈತ್ಯ ಜಾನುವಾರು ಮಾರುಕಟ್ಟೆ ಶುರುವಾಯ್ತು. ಅದನ್ನ ಕಟ್ಟೋಕೆ 9 ರೈಲು ಕಂಪನಿಗಳು ಕೈಜೋಡಿಸಿದ್ವು. ಆದರೆ ಅಲ್ಲಿಂದ ನ್ಯೂಯಾರ್ಕ್, ಬಾಸ್ಟನ್ ಕಡೆಗೆ ದನಗಳು ಜೀವಂತವಾಗೇ ರೈಲಿನಲ್ಲಿ ಹೋಗ್ತಿದ್ವು. ಗಸ್ಟಾವಸ್ ಸ್ವಿಫ್ಟ್ ಅನ್ನೋ ವ್ಯಾಪಾರಿ ಇಲ್ಲಿ ಲೆಕ್ಕ ಹಾಕಿದ. ಒಂದು ದನದ ತೂಕದಲ್ಲಿ ಚರ್ಮ, ತಲೆ, ಕರುಳು ಎಲ್ಲಾ ಕಳೆದ್ರೆ ಉಳಿಯೋದು ಸುಮಾರು 60%. ಬಾಕಿ 40%ಗೆ ರೈಲು ಬಾಡಿಗೆ ಯಾಕೆ ಕೊಡಬೇಕು? ಷಿಕಾಗೋದಲ್ಲೇ ಕಡಿದು ಬರೀ ಮಾಂಸ ಕಳಿಸಿದ್ರೆ? ಆಂಡ್ರ್ಯೂ ಚೇಸ್ ಅನ್ನೋ ಇಂಜಿನಿಯರ್ 1870ರ ದಶಕದ ಕೊನೆಗೆ ಅವನಿಗೆ ಐಸ್ ತುಂಬೋ ರೈಲು ಬೋಗಿ ಮಾಡಿಕೊಟ್ಟ.

ಮಾಂಸ ಅಗ್ಗವಾಯ್ತು. ಊರಿನ ಅಂಗಡಿಯವರಿಗೆ ಹೊಡೆತ ಬಿತ್ತು. ಅವರು ಸಂಘ ಕಟ್ಟಿ, ದೂರದಿಂದ ಬಂದ ಮಾಂಸ ನಂಬಬೇಡಿ ಅಂತ ಪ್ರಚಾರ ಮಾಡಿದ್ರು. ಮಿನ್ನೆಸೋಟ ರಾಜ್ಯವಂತೂ 1889ರಲ್ಲಿ ಒಂದು ಕಾನೂನು ತಂತು: ಕಡಿಯೋ 24 ಗಂಟೆ ಮುಂಚೆ ರಾಜ್ಯದ ಅಧಿಕಾರಿ ಜೀವಂತ ದನ ನೋಡಿರಬೇಕು. ದನ ಇರೋದು ಷಿಕಾಗೋದಲ್ಲಿ, ಅಧಿಕಾರಿ ಮಿನ್ನೆಸೋಟದಲ್ಲಿ. ಅಂದ್ರೆ ಹೊರಗಿನ ಮಾಂಸ ಬಂದ್. 1890ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನ ತೆಗೆದುಹಾಕ್ತು.

ಕೋರ್ಟಲ್ಲಿ ಗೆದ್ದಿದ್ದು ಷಿಕಾಗೋ ಮಾಂಸ. ಆದರೆ ಅಂಗಡಿಯವರ ಪ್ರಶ್ನೆ ಹಾಗೇ ಉಳೀತು: ಯಾರು ಕಡಿದಿದ್ದು, ಹೇಗೆ ಕಡಿದಿದ್ದು, ಯಾರಿಗೆ ಗೊತ್ತು?

ಉತ್ತರ ಬಂದಿದ್ದು ಒಂದು ಕಾದಂಬರಿಯಿಂದ. 1904ರಲ್ಲಿ ಅಪ್ಟನ್ ಸಿಂಕ್ಲೇರ್ ಅನ್ನೋ ಯುವ ಲೇಖಕ ಷಿಕಾಗೋದ ಕಸಾಯಿಖಾನೆಗಳ ನಡುವೆ ವಾರಗಟ್ಟಲೆ ಓಡಾಡಿ ಬರೆದ ‘ದಿ ಜಂಗಲ್’ 1906ರಲ್ಲಿ ಪುಸ್ತಕವಾಗಿ ಬಂತು. ಅವನು ಬರೆದಿದ್ದು ಮುಖ್ಯವಾಗಿ ಕಾರ್ಮಿಕರ ಬಗ್ಗೆ. ವಲಸೆ ಬಂದ ಬಡವರು, ಕಡಿಮೆ ಕೂಲಿ, ಗಾಯ, ಕಾಯಿಲೆ. ಓದಿದವರಿಗೆ ತಟ್ಟಿದ್ದು ಮಾತ್ರ ಬೇರೆ: ಅಯ್ಯೋ, ನಾವು ತಿಂತಿರೋದು ಇದೇನಾ?

ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ತನಿಖೆಗೆ ಇಬ್ಬರನ್ನ ಕಳಿಸಿದ್ರು. ವರದಿ ಬಂತು, ಗಲಾಟೆ ಆಯ್ತು. 1906ರ ಜೂನ್ 30ರಂದು ಮಾಂಸ ತಪಾಸಣೆ ಕಾಯ್ದೆಗೆ ಸಹಿ ಬಿತ್ತು. ಖರ್ಚು ಯಾರದ್ದು ಅಂತ ದೊಡ್ಡ ಜಗಳ ನಡೀತು. ಕಂಪನಿಗಳೇ ಕೊಡಲಿ ಅಂತ ಸೆನೆಟರ್ ಬೆವರಿಜ್ ಪಟ್ಟು ಹಿಡಿದಿದ್ರು. ಕೊನೆಗೆ ವರ್ಷಕ್ಕೆ 30 ಲಕ್ಷ ಡಾಲರ್ ಸರ್ಕಾರದ ಖಜಾನೆಯಿಂದಲೇ ಹೋಯ್ತು. ಕಂಪನಿಗಳಿಗೆ ಪುಕ್ಕಟೆಯಾಗಿ ಸರ್ಕಾರದ ಸೀಲು ಸಿಕ್ಕಿತು!

ಈ ಸೀಲು ಹೇಳೋದು ಇಷ್ಟೇ: ಈ ಮಾಂಸ ತಿನ್ನೋಕೆ ಯೋಗ್ಯ. ಮೆತ್ತಗಿದೆಯಾ, ರುಚಿ ಇದೆಯಾ ಅನ್ನೋದು ಬೇರೆ ಪ್ರಶ್ನೆ. ಮೆಕ್ಕೆಜೋಳ ತಿನ್ನಿಸಿ ಒಳ್ಳೇ ದನ ಬೆಳೆಸೋರಿಗೆ ತಮ್ಮ ಮಾಲಿಗೆ ಬೇರೆ ಗುರುತು ಬೇಕಿತ್ತು. ಹಾಗಾಗಿ 1927ರಲ್ಲಿ ಕೃಷಿ ಇಲಾಖೆಯ ಗ್ರೇಡಿಂಗ್ ಶುರುವಾಯ್ತು. ಇದು ಕಡ್ಡಾಯ ಅಲ್ಲ. ಬೇಕಾದ ಕಂಪನಿ ಫೀಸ್ ಕಟ್ಟಿ ಗ್ರೇಡ್ ಹಾಕಿಸಿಕೊಳ್ಳುತ್ತೆ. ಈಗ ಅಂಗಡಿಯಲ್ಲಿ ಕಾಣೋ ಮೇಲಿನ ಮೂರು ಗ್ರೇಡ್ ಅಂದ್ರೆ ಪ್ರೈಮ್, ಚಾಯ್ಸ್, ಸೆಲೆಕ್ಟ್.

ಗ್ರೇಡ್ ಹಾಕೋರು ನೋಡೋದು ಎಲ್ಲಿ ಗೊತ್ತಾ? 12ನೇ ಮತ್ತು 13ನೇ ಪಕ್ಕೆಲುಬಿನ ಮಧ್ಯೆ ಕತ್ತರಿಸಿ, ಮಾಂಸದ ಒಳಗೆ ಕೊಬ್ಬಿನ ಬಿಳಿ ಎಳೆಗಳು ಎಷ್ಟು ಹರಡಿವೆ ಅಂತ. ಇದಕ್ಕೆ ಮಾರ್ಬ್ಲಿಂಗ್ ಅಂತಾರೆ. ಜೊತೆಗೆ ದನದ ವಯಸ್ಸೂ ಲೆಕ್ಕಕ್ಕೆ ಬರುತ್ತೆ. ಕ್ರಿಸ್‌ಮಸ್ ರೋಸ್ಟ್ ಬರೋದು 6ರಿಂದ 12ನೇ ಪಕ್ಕೆಲುಬಿನ ಜಾಗದಿಂದ. ಅಂದ್ರೆ ಗ್ರೇಡಿಂಗ್‌ಗೆ ನೋಡಿದ ಜಾಗಕ್ಕೆ ಅಂಟಿಕೊಂಡೇ ಇರೋ ತುಂಡು. ಹಾಗಾಗಿ ತೊಡೆ ಮಾಂಸಕ್ಕಿಂತ ಈ ರೋಸ್ಟ್ ವಿಷಯದಲ್ಲಿ ಗ್ರೇಡ್ ಹೆಚ್ಚು ನಂಬಬಹುದು.

ಆದರೆ ಒಂದು ಮಾತು ನೆನಪಿರಲಿ. ‘ಪ್ರೈಮ್ ರಿಬ್’ ಅನ್ನೋದು ತುಂಡಿನ ಹೆಸರು, ಗ್ರೇಡ್ ಅಲ್ಲ. ಆ ಹೆಸರು ಗ್ರೇಡಿಂಗ್‌ಗಿಂತ ಹಳೇದು. ಚಾಯ್ಸ್ ಗ್ರೇಡಿನ ಮಾಂಸವನ್ನೂ ಪ್ರೈಮ್ ರಿಬ್ ಅಂತ ಮಾರಬಹುದು, ಅದು ಮೋಸ ಅಲ್ಲ. ಗ್ರೇಡುಗಳೂ ಕಲ್ಲಲ್ಲಿ ಕೆತ್ತಿದ್ದಲ್ಲ. 1950ರ ಕೊನೆಗೆ ಹಳೇ ಪ್ರೈಮ್, ಹಳೇ ಚಾಯ್ಸ್ ಎರಡನ್ನೂ ಸೇರಿಸಿ ಪ್ರೈಮ್ ಅಂದ್ರು. ಅದುವರೆಗೆ ‘ಗುಡ್’ ಆಗಿದ್ದದ್ದು ಚಾಯ್ಸ್ ಆಯ್ತು. ದನ ಅದೇ, ಹೆಸರಿಗೆ ಬಡ್ತಿ.

ಅಮೆರಿಕದಿಂದ ಕೇಳ್ತಿರೋರು ಯಾರಾದ್ರೂ ಈ ವರ್ಷ ತರೋ ಹಾಗಿದ್ರೆ, ಹೆಸರು ಬಿಟ್ಟು ಗ್ರೇಡ್ ಗುರುತು ಹುಡುಕಿ. ಸೊಂಟದ ಕಡೆಯ ತುಂಡು ಬೇಕಾ, ಭುಜದ ಕಡೆಯದ್ದಾ ಅಂತ ಕೇಳಿ. ಸೊಂಟದ ಕಡೆ ಒಂದೇ ದೊಡ್ಡ ಮಾಂಸಖಂಡ ಇರುತ್ತೆ, ಭುಜದ ಕಡೆ ಕೊಬ್ಬು ಜಾಸ್ತಿ. ಮೂಳೆ ಸಮೇತ ತಗೊಂಡ್ರೆ ಒಂದು ಪಕ್ಕೆಲುಬಿಗೆ ಇಬ್ಬರು ಅನ್ನೋ ಲೆಕ್ಕ.

ಇಷ್ಟೆಲ್ಲಾ ಆದಮೇಲೆ ನನ್ನನ್ನ ಕಾಡೋದು ಸಿಂಕ್ಲೇರ್ ಕೇಳಿದ ಮೊದಲ ಪ್ರಶ್ನೆ. ತಿನ್ನುವವರಿಗೆ 1906ರಲ್ಲಿ ತಪಾಸಣೆ ಸಿಕ್ತು. ಬೆಳೆಸುವವರಿಗೆ 1927ರಲ್ಲಿ ಗ್ರೇಡ್ ಸಿಕ್ತು. ಕಡಿಯುವವರಿಗೆ? 2020ರ ಏಪ್ರಿಲ್‌ನಲ್ಲಿ ಮಾಂಸದ ಕಾರ್ಖಾನೆಗಳಲ್ಲಿ ಕೋವಿಡ್ ಹರಡಿ ಕಾರ್ಮಿಕರು ಸಾಯ್ತಿದ್ರು. ಆಗ ಏಪ್ರಿಲ್ 28ರಂದು, ಕಾರ್ಖಾನೆಗಳು ನಡೀತಾನೇ ಇರಲಿ ಅಂತ ಅಧ್ಯಕ್ಷರ ಆದೇಶ ಬಂತು. ಆ ಸಾಲಲ್ಲಿ ನಿಂತವರಲ್ಲಿ ಈಗಲೂ ವಲಸಿಗರೇ ಬಹಳ.

ಸೀಲು ಸುಳ್ಳು ಹೇಳಲ್ಲ. ಆದರೆ ತನ್ನನ್ನ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೆ. ಮಾಂಸ ಹೇಗಿದೆ ಅಂತ ಕೇಳಿದ್ವಿ, ಹೇಳ್ತು. ಅದನ್ನ ಕಡಿದ ಮನುಷ್ಯ ಹೇಗಿದಾನೆ ಅಂತ ಯಾವ ಗ್ರೇಡಲ್ಲೂ ನಾವು ಕೇಳಿಲ್ಲ. ನಿಮ್ಮ ಮನೆಗೆ ಬರೋ ಯಾವುದಾದ್ರೂ ಡಬ್ಬಿ ತಗೊಂಡು ಅದರ ಸೀಲು ಯಾರ ಪ್ರಶ್ನೆಗೆ ಉತ್ತರ ಕೊಡ್ತಿದೆ ಅಂತ ನೋಡಿ, ನನಗೂ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.